ಎಣ್ಣೆಬಣ್ಣದ ಅಪ್ಪ

ಹತ್ತಿರ ಬಂದು ಕೂತ್ಕೊಳ್ಳಿ. ನಗೋರು ನಗಬಹುದು, ಬೇಡ ಅನ್ನಲ್ಲ. ಆದ್ರೆ ನಡುವೆ ಎದ್ದು ಹೋಗೋ ಹಾಗಿಲ್ಲ. ಎದ್ದು ಹೋಗಿ ಬಂದು ಏನಾಯ್ತು ಅಂತ ಕೇಳೋರಿಗೆ ನಾನು ಮತ್ತೆ ಮೊದಲಿಂದ ಹೇಳೋ ಪೈಕಿ ಅಲ್ಲ.

ಹೊಳೆ ದಂಡೆ ಮೇಲೆ ಒಂದು ಊರು. ಆ ಊರಲ್ಲಿ ಚಿತ್ರಗಾರರ ಬೀದಿ. ಬೀದಿಯ ಕೊನೇ ಮನೆ ತೊಳಸಮ್ಮಂದು. ತೊಳಸಮ್ಮನಿಗೆ ಒಬ್ಬನೇ ಮಗ, ಹೆಸರು ಕೆಂಪರಾಜ. ನಿಂತ್ರೆ ಬಾಗಿಲು ತುಂಬ ನಿಲ್ತಿದ್ದ, ಮೀಸೆ ಬಂದಿತ್ತು, ಒಂದು ಮೂಟೆ ಅಕ್ಕೀನ ಒಂದೇ ಕೈಯಲ್ಲಿ ಎತ್ತಿ ಹೆಗಲಿಗೆ ಹಾಕ್ಕೊಳ್ತಿದ್ದ. ಬುದ್ಧಿ ಹಂಚೋವಾಗ ಮಾತ್ರ ಎಲ್ಲೋ ನೋಡ್ಕೊಂಡು ನಿಂತಿದ್ದ ಅಂತ ಕಾಣುತ್ತೆ. ಮಾತು ಕೇಳದ ಪೆದ್ದರನ್ನ ನೀವು ನೋಡಿರ್ತೀರಿ, ಅವರದ್ದೇನು ಕಷ್ಟ ಇಲ್ಲ. ಇವನು ಮಾತು ಕೇಳೋ ಪೆದ್ದ. ಅವ್ವ ಕೂತ್ಕೋ ಅಂದ್ರೆ, ಏಳು ಅನ್ನೋ ತನಕ ಕೂತೇ ಇರೋನು. ಹಾಲು ಉಕ್ಕುತ್ತೆ ನೋಡ್ತಿರು ಅಂದ್ರೆ, ಉಕ್ಕಿ ಒಲೆ ಆರಿ ಹೋಗೋ ತನಕ ಕಣ್ಣು ಮಿಟುಕಿಸದೆ ನೋಡ್ತಿರೋನು. ಕೇಳಿದ್ರೆ, ಪೂರಾ ನೋಡ್ದೆ ಕಣವ್ವ ಅನ್ನೋನು. ತೊಳಸಮ್ಮ ಹಣೆ ಚಚ್ಚಿಕೊಂಡು ಚಚ್ಚಿಕೊಂಡು, ಈಗೀಗ ಚಚ್ಚಿಕೊಳ್ಳೋದನ್ನೂ ಬಿಟ್ಟಿದ್ಲು.

ಅವಳ ಗಂಡ ವರದರಾಜ ದೊಡ್ಡ ಚಿತ್ರಗಾರ. ಅವನ ವಂಶದೋರೆಲ್ಲ ಹಲಗೆ ಮೇಲೆ ದೇವರನ್ನ ಬರೆದೋರು. ಗಿಡದ ಬಣ್ಣ, ಚಿನ್ನದ ರೇಕು, ದೇವರು ಮತ್ತು ಎಡೆ ಇಡೋಕೆ ಮನೇಲಿ ಸತ್ತ ಹಿರೀಕರು ಬಿಟ್ಟರೆ ಬೇರೆ ಮುಖ ಇಲ್ಲ. ಇವನು ಎಲ್ಲಿಂದಲೋ ಎಣ್ಣೆಬಣ್ಣದ ಕೆಲಸ ಕಲಿತು ಬಂದ. ಬಂದೋನು ದೇವರನ್ನ ಬಿಟ್ಟು ಮನುಷ್ಯರ ಮುಖ ಬರೆಯೋಕೆ ಶುರು ಮಾಡಿದ. ಬಟ್ಟೆ ಅಂಗಡಿಯೋನ ಮುಖ, ಮೇಷ್ಟ್ರ ಮುಖ, ಸತ್ತ ಮುದುಕರ ಮುಖ. ಅವನ ತಾಯಿ ದೇವೀರಮ್ಮ ಬೆಂಕಿಯಂಥ ಹೆಂಗಸು. ಇವತ್ತಿದ್ದು ನಾಳೆ ಸಾಯೋ ಮೂತಿಗಳನ್ನ ಬರೆಯೋ ಕೈ ನನ್ನ ಹೊಸಿಲು ದಾಟಿ ಬರೋದು ಬೇಡ ಅಂತ ಹೆತ್ತ ಮಗನ ಮುಖಕ್ಕೇ ಬಾಗಿಲು ಹಾಕಿದ್ಲು. ವರದರಾಜ ಹೆಂಡ್ತೀನ ಕರ್ಕೊಂಡು ಈ ಊರಿಗೆ ಬಂದ. ತಾಯಿ ಕರೀಲಿಲ್ಲ, ಇವನು ಹೋಗಲಿಲ್ಲ. ಹಾಗೇ ಇರೋವಾಗ ಒಂದು ಜ್ವರ ಬಂತು, ಹೋಗೇಬಿಟ್ಟ. ಊರೋರ ಮುಖವನ್ನೆಲ್ಲ ಬರೆದೋನು, ಅವನ ಮುಖ ಯಾರೂ ಬರೆದಿರಲಿಲ್ಲ. ಒಂದು ಫೋಟೋ ಕೂಡ ಇರಲಿಲ್ಲ.

ಈಗ ಕೇಳಿ. ವರ್ಷಗಳಾದ ಮೇಲೆ, ಹುಣ್ಣಿಮೆ ಕಳೆದ ಮಾರನೇ ದಿನ, ದೇವೀರಮ್ಮ ಹೇಳಿ ಕಳಿಸಿದ್ಲು ಅಂತ ಒಬ್ಬ ಬಂದ. ಮುದುಕಿಗೆ ಒಂದು ಕಣ್ಣು ಪೂರಾ ಹೋಗಿದೆಯಂತೆ, ಇನ್ನೊಂದಕ್ಕೆ ಪೊರೆ ಬೆಳೀತಾ ಇದೆಯಂತೆ. ಅದು ಮುಚ್ಚೋದ್ರೊಳಗೆ ಮಗನ ಮುಖ ಒಂದ್ಸಲ ನೋಡಬೇಕಂತೆ. ಮಹಾಲಯ ಅಮಾವಾಸ್ಯೆ ದಿನ, ಸತ್ತೋರಿಗೆ ಎಡೆ ಇಡೋ ಹೊತ್ತಿಗೆ ಬರ್ತಾಳಂತೆ, ಅಷ್ಟರಲ್ಲಿ ಚಿತ್ರ ಮಾಡಿಡಬೇಕಂತೆ. ಇಷ್ಟು ಹೇಳಿ ಬಂದೋನು ದನಿ ತಗ್ಗಿಸಿದ.

"ನನ್ ಮೇಲೆ ಸಿಟ್ಟಲ್ಲೇ ಹೋದ್ನಾ ಅಂತ ಅವನ ಮುಖಾನೇ ಕೇಳ್ಬೇಕು ಅಂದ್ರು ಕಣಮ್ಮ."

ತೊಳಸಮ್ಮ ಆಯ್ತು ಅಂದ್ಲು. ಗಂಡನ ಪಕ್ಕದಲ್ಲಿ ಕೂತು ಬಣ್ಣ ಕಲಸಿದ ಕೈ, ಅವನು ಇಲ್ಲದಾಗ ಎಷ್ಟೋ ಸೆರಗು, ಎಷ್ಟೋ ಪಂಚೆ ಬರೆದು ಮುಗಿಸಿದ ಕೈ. ಕೈಗೆ ಭಯ ಇರಲಿಲ್ಲ. ಭಯ ಇದ್ದದ್ದು ಬೇರೆಯದಕ್ಕೆ. ಅವಳಿಗೂ ಆ ಮುಖ ಮರೀತಾ ಬಂದಿತ್ತು. ಕಣ್ಣು ಮುಚ್ಚಿದ್ರೆ ಮೀಸೆ ಕಾಣೋದು, ಮೂಗು ಕಾಣೋದು, ಎಲ್ಲ ಸೇರಿಸೋಕೆ ಹೋದ್ರೆ ಜಾರಿಹೋಗೋದು. ಇದನ್ನ ಅವಳು ಯಾರಿಗೂ ಹೇಳಿರಲಿಲ್ಲ. ಈಗ ಬರೆಯದೆ ಹೋದ್ರೆ ಆ ಮುಖ ಭೂಮಿ ಮೇಲೆ ಎಲ್ಲೂ ಉಳಿಯಲ್ಲ ಅಂತ ಅವಳಿಗೆ ಗೊತ್ತಿತ್ತು.

ಅಟ್ಟ ಹತ್ತಿ ಗಂಡನ ಪೆಟ್ಟಿಗೆ ಇಳಿಸೋವಾಗ ಏಣಿ ಜಾರಿ ಬಿದ್ಲು. ಕಾಲು ಊದಿಕೊಂಡು ಕುಂಬಳಕಾಯಿ ಆಯ್ತು. ಪೆಟ್ಟಿಗೇಲಿ ನೋಡಿದ್ರೆ ಬಣ್ಣವೆಲ್ಲ ಕಲ್ಲಾಗಿದೆ, ಕುಂಚದ ಕೂದಲನ್ನ ಹುಳ ತಿಂದಿದೆ. ಎಲ್ಲ ಹೊಸದಾಗಿ ತರಿಸಬೇಕು. ಪೇಟೆ ಬೀದಿಯ ಗಫಾರ್ ಸಾಹೇಬರ ಅಂಗಡೀಲಿ ಬಿಟ್ಟರೆ ಬೇರೆಲ್ಲೂ ಸಿಗಲ್ಲ. ಹೋಗೋರು ಯಾರು? ಇದ್ದವನು ಒಬ್ಬ, ಬಾಗಿಲು ತುಂಬ ನಿಂತಿದ್ದಾನೆ.

"ಬಿಳಿ ಬಣ್ಣದ ಒಂದು ಟ್ಯೂಬು ತಗೊಂಬಾ ಮಗ. ದಾರೀಲಿ ಬೀಳಿಸ್ಬೇಡ. ಮುಷ್ಟೀಲಿ ಗಟ್ಟಿಯಾಗಿ ಹಿಡ್ಕೊಂಡು ಬಾ."

ಹೋದ. ಸಾಹೇಬರು ವರದರಾಜನ ಮಗ ಅಂತ ಪ್ರೀತಿಯಿಂದ ದೊಡ್ಡದೇ ಕೊಟ್ರು. ಕೆಂಪರಾಜ ಮುಷ್ಟೀಲಿ ಹಿಡಿದ. ಗಟ್ಟಿಯಾಗಿ ಹಿಡಿದ. ಮೂಟೆ ಎತ್ತೋ ಕೈಯಲ್ಲಿ ಗಟ್ಟಿಯಾಗಿ ಹಿಡಿದ್ರೆ ಏನಾಗುತ್ತೆ ಹೇಳಿ? ಮುಚ್ಚಳ ಹಾರಿ ಯಾರದೋ ಜಗಲಿಗೆ ಬಿತ್ತು. ಬೆರಳ ಸಂದಿಯಿಂದ ಬಿಳಿ ಬಣ್ಣ ಶ್ಯಾವಿಗೆ ಹಾಗೆ ಇಳೀತು. ಜಾರುತ್ತಲ್ಲ ಅಂತ ಇವನು ಇನ್ನೂ ಗಟ್ಟಿಯಾಗಿ ಹಿಡಿದ. ಮನೆ ಸೇರೋ ಹೊತ್ತಿಗೆ ಮೊಣಕೈ ತನಕ ಬಿಳಿ, ಪಂಚೆ ಬಿಳಿ, ಹಿಂದೆ ಬಂದ ನಾಯಿ ಮೂತಿ ಬಿಳಿ. ಕೈ ಬಿಚ್ಚಿದ್ರೆ ಒಳಗೆ ಒಂದು ತಗಡಿನ ಸಿಪ್ಪೆ ಇತ್ತು.

ಬೀಳಿಸ್ಲಿಲ್ಲ ಕಣವ್ವ ಅಂದ.

ತೊಳಸಮ್ಮ ಬೈದ್ಲು. ಬೈಕೊಂಡೇ ಅವನ ಕೈಯಿಂದ ಬಣ್ಣವನ್ನ ಚಾಕುವಿನ ಮೊಂಡು ಕಡೆಯಿಂದ ಕೆರೆದು ಕೆರೆದು ಒಂದು ಬಟ್ಟಲಿಗೆ ತುಂಬಿದ್ಲು. ಮೇಲೆ ನೀರು ಹೊಯ್ದಳು. ಎಣ್ಣೆಬಣ್ಣ ಗಾಳಿ ತಾಗಿದ್ರೆ ಕೆನೆ ಕಟ್ಟುತ್ತೆ, ನೀರೊಳಗಿದ್ರೆ ಕೆಡಲ್ಲ.

"ನೋಡ್ಕೋ. ಅಂಗಡಿಯಿಂದ ತಂದಿದ್ದನ್ನ ಹಿಂಗೆ ನೀರೊಳಗೆ ಮುಳುಗಿಸಿ ತರ್ಬೇಕು. ಗೊತ್ತಾಯ್ತಾ?"

ಗೊತ್ತಾಯ್ತು ಅಂದ. ಗೊತ್ತಾಗದೆ ಏನು, ಚೆನ್ನಾಗಿ ಗೊತ್ತಾಯ್ತು.

ಮಾರನೇ ದಿನ ಕ್ಯಾನ್ವಾಸು ತರಬೇಕು. ಕ್ಯಾನ್ವಾಸು ಅಂದ್ರೆ ಗಟ್ಟಿ ಬಟ್ಟೆ, ಬಣ್ಣ ಕೂರಲಿ ಅಂತ ಅದಕ್ಕೆ ಮೊದಲೇ ಬಿಳೀ ಲೇಪ ಹಾಕಿರ್ತಾರೆ. ಕೆಂಪರಾಜ ಹೋಗೋವಾಗಲೇ ಒಂದು ಕೊಡ ಹೊತ್ತುಕೊಂಡು ಹೋದ. ತೊಳಸಮ್ಮ ಒಳಗಿದ್ದಳು, ಕೊಡ ನೋಡಲಿಲ್ಲ. ಸಾಹೇಬರು ಬಟ್ಟೆ ಸುತ್ತಿ ಕೊಟ್ಟರು. ಇವನು ಅದನ್ನ ಕೊಡದೊಳಕ್ಕೆ ತುರುಕೋಕೆ ಶುರು ಮಾಡಿದ. ಸಾಹೇಬರು ಎದ್ದು ಬಂದು ಬೇಡಪ್ಪಾ ಬೇಡಪ್ಪಾ ಅಂತ ಕೈ ಹಿಡ್ಕೊಂಡ್ರು. ನಮ್ಮವ್ವ ಹೇಳವಳೆ ಅಂತ ಇವನು ಕೈ ಬಿಡಿಸಿಕೊಂಡು, ತುರುಕಿ, ಹೊಳೇಲಿ ಮುಳುಗಿಸಿ, ಕಂಠಮಟ್ಟ ನೀರು ತುಂಬಿಸಿ, ತಲೆ ಮೇಲೆ ಇಟ್ಕೊಂಡು ಬಂದ. ದಾರೀಲಿ ಒಂದು ಹನಿ ಚೆಲ್ಲಲಿಲ್ಲ, ಅಷ್ಟು ಜೋಪಾನ.

ಈಚೆ ತೆಗೆದ್ರೆ ಲೇಪವೆಲ್ಲ ಕದಡಿ ಗಂಜಿಯಾಗಿದೆ. ಬಟ್ಟೆ ಮುದುಡಿ ಒಣಗಿದ ಬಾಳೆಲೆ ಆಗಿದೆ. ತೊಳಸಮ್ಮನಿಗೆ ಬೈಯೋಕೆ ಮೊದಲು ಅಳು ಬಂತು, ಆಮೇಲೆ ಬೈಗುಳ ಬಂತು. ಬೇರೆ ತರಿಸೋಣ ಅಂದ್ರೆ ಸಾಹೇಬರ ಹತ್ರ ಇದ್ದದ್ದು ಅದೊಂದೇ ತುಂಡು. ಆ ಕುಂಟು ಕಾಲಲ್ಲೇ ಬಟ್ಟೆ ಹಿಂಡಿದ್ಲು, ಮರದ ಚೌಕಟ್ಟಿಗೆ ಎಳೆದೆಳೆದು ಮೊಳೆ ಹೊಡೆಸಿದ್ಲು, ಸರೇಸು ಅಂಟು ಕಾಯಿಸಿ ಸೀಮೆಸುಣ್ಣ ಕಲಸಿ ತಾನೇ ಹೊಸ ಲೇಪ ಹಾಕಿದ್ಲು. ಒಂದು ಲೇಪ ಒಣಗಬೇಕು, ಇನ್ನೊಂದು ಹಾಕಬೇಕು. ಆಚೆ ಚಂದ್ರ ಕರಗ್ತಾ ಇದ್ದಾನೆ, ಇಲ್ಲಿ ಇವಳು ಲೇಪ ಒಣಗೋದನ್ನ ಕಾಯ್ತಾ ಕೂತಿದ್ದಾಳೆ.

"ನೀರಲ್ಲಿ ಅದ್ದೋದಲ್ಲ ಕಣೋ. ನಾಕು ಕಡೆ ಎಳೆದು, ಹರಡಿ, ಹಲಗೆಗೆ ಮೊಳೆ ಹೊಡಿಬೇಕು. ಸುಕ್ಕು ಇರ್ಬಾರ್ದು. ಇನ್ನಾದ್ರೂ ನೆನಪಿಟ್ಕೋ."

ನೆನಪಿಟ್ಕೊಂಡ. ಅವನ ಕಷ್ಟವೇ ಅದು, ಒಂದು ಮಾತೂ ಮರೆಯೋನಲ್ಲ.

ಆಮೇಲೆ ಕುಂಚ ತರೋಕೆ ಕಳಿಸಿದ್ಲು. ದಪ್ಪ ಕೆಲಸಕ್ಕೆ ಒಂದೆರಡು ಹಂದಿ ಕೂದಲಿಂದು, ಮುಖದ ಸಣ್ಣ ಕೆಲಸಕ್ಕೆ ಅಳಿಲಿನ ಬಾಲದ ಕೂದಲಿಂದು. ನೀರಿಗೆ ಹಾಕ್ಬೇಡ, ಮುಷ್ಟೀಲಿ ಹಿಂಡ್ಬೇಡ ಅಂತ ಎರಡೆರಡು ಸಲ ಹೇಳಿದ್ಲು. ಅವನು ನೀರಿಗೆ ಹಾಕಲಿಲ್ಲ, ಮುಷ್ಟೀಲಿ ಹಿಂಡಲಿಲ್ಲ. ಬಡಗಿ ಮನೆ ಜಗಲೀಲಿ ಕೂತು ಒಂದು ಹಲಗೆ ಕೇಳಿ ಇಸ್ಕೊಂಡ. ಒಂದೊಂದೇ ಕುಂಚದ ಕೂದಲನ್ನ ನಾಕು ಕಡೆ ಎಳೆದು, ಹರಡಿ, ಸಣ್ಣ ಸಣ್ಣ ಮೊಳೆ ಹೊಡೆದ. ಸುಕ್ಕು ಇರಬಾರದು ಅಂತ ಬೆರಳಲ್ಲಿ ತೀಡಿ ತೀಡಿ ನೋಡಿದ. ಬಡಗಿ ಕೆಲಸ ಬಿಟ್ಟು ನೋಡ್ತಾ ಕೂತ. ಇಷ್ಟು ನಾಜೂಕಾಗಿ ಮೊಳೆ ಹೊಡೆಯೋರನ್ನ ನಾನು ಕಂಡಿಲ್ಲ ಅಂದನಂತೆ.

ಹಲಗೆ ನೋಡಿ ತೊಳಸಮ್ಮ ಗೋಡೆಗೆ ಒರಗಿಬಿಟ್ಟಳು. ಮೊಳೆ ಕಿತ್ತರೆ ಕೂದಲೂ ಕಿತ್ತು ಬಂತು. ಬಿದ್ದ ಕೂದಲನ್ನೆಲ್ಲ ಆರಿಸಿ, ಒಟ್ಟು ಮಾಡಿ, ದಾರದಲ್ಲಿ ಬಿಗಿದು, ಒಂದು ದಪ್ಪ ಕುಂಚ, ಒಂದು ಸಣ್ಣ ಕುಂಚ ಮಾಡಿಕೊಂಡಳು. ಇನ್ನು ಇದೂ ಹೋದ್ರೆ ಬೆರಳೇ ಗತಿ. ಅದಕ್ಕೇ ಈ ಸಲ ಬೈಗುಳ ಕಮ್ಮಿ ಮಾಡಿ, ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದ್ಲು. ಕೆಲಸ ಮುಗಿದ ಮೇಲೆ ಬಣ್ಣ ಕರಗಿಸೋ ಟರ್ಪೆಂಟೈನಲ್ಲಿ ಅದ್ದಬೇಕು. ಚಿಂದಿಯಲ್ಲಿ ಉಜ್ಜಬೇಕು. ಒಂದು ಚೂರು ಬಣ್ಣ ಉಳೀಬಾರದು. ಉಳಿದ್ರೆ ನಾಳೆ ಕಲ್ಲಾಗುತ್ತೆ. ಬಿಳಿ ಆಗೋ ತನಕ ಉಜ್ಜಬೇಕು.

ಬಿಳಿ ಆಗೋ ತನಕ ಅಂದ ಕೆಂಪರಾಜ. ಹೂಂ ಅಂದ್ಲು ತೊಳಸಮ್ಮ.

ಆಮೇಲೆ ಮಿಕ್ಕ ಬಣ್ಣಗಳನ್ನ ಮನೇಲಿದ್ದ ಪುಡಿಯಿಂದ ಅಗಸೆ ಎಣ್ಣೇಲಿ ತಾನೇ ಅರೆದುಕೊಂಡು ಬರೆಯೋಕೆ ಕೂತಳು. ಏನು ಬರೆದಳು ಅಂತೀರಿ! ಅಗಸೆ ಎಣ್ಣೆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಗಂಡ ಪಕ್ಕದಲ್ಲಿ ಕೂತಂಗಾಯ್ತು. ಮರೆತಿದ್ದ ಮುಖ ಕೈಗೆ ನೆನಪಿತ್ತು. ಹಣೆ ಬಂತು, ಹಣೆ ಮೇಲಿನ ಗೆರೆ ಬಂತು, ಮೀಸೆ ಬಂತು, ಒಂದು ಕಡೆ ಸೊಟ್ಟಗೆ ನಗೋ ತುಟಿ ಬಂತು. ಉಂಡಳೋ ಬಿಟ್ಟಳೋ ಗೊತ್ತಿಲ್ಲ. ಅಮಾವಾಸ್ಯೆಗೆ ಇನ್ನೇನು ಹತ್ತಿರ ಇದೆ ಅನ್ನೋವಾಗ ಕಣ್ಣಿನ ಗೂಡೆರಡು ಮಾತ್ರ ಖಾಲಿ ಬಿಟ್ಟು ಮುಖವೆಲ್ಲ ಬಂದಿತ್ತು. ತೊಳಸಮ್ಮ ಕುಂಚ ಕೆಳಗಿಟ್ಟಳು. ಒಂದಿಷ್ಟು ಹೊತ್ತು ಬೆನ್ನು ನೆಲಕ್ಕೆ ಕೊಡೋಣ ಅಂತ ಮಗನನ್ನ ಕರೆದ್ಲು. ಕೆಲಸ ಮುಗೀತು ಮಗ, ಎತ್ತಿಡು ಅಂದ್ಲು.

ಕೆಲಸ ಮುಗೀತು. ಮುಗಿದ ಮೇಲೆ ಏನು ಮಾಡಬೇಕು? ಅವನಿಗೆ ಗೊತ್ತು. ಕುಂಚ ತೊಳೆದ, ಬಿಳಿ ಮಾಡಿದ, ಎತ್ತಿಟ್ಟ. ಬಣ್ಣ ಕಲಸೋ ಹಲಗೆ ತೊಳೆದ, ಎತ್ತಿಟ್ಟ. ಇನ್ನೇನು ಉಳೀತು ಅಂತ ತಿರುಗಿ ನೋಡ್ತಾನೆ, ಎಲ್ಲಕ್ಕಿಂತ ಜಾಸ್ತಿ ಬಣ್ಣ ಮೆತ್ತಿಕೊಂಡಿರೋದು ಎದುರಿಗೇ ನಿಂತಿದೆ. ನಾಳೆ ಕಲ್ಲಾಗುತ್ತಲ್ಲ ಅಂತ ಪಾಪ ಗಾಬರಿಯಾದ. ಚಿಂದೀನ ಟರ್ಪೆಂಟೈನಲ್ಲಿ ಅದ್ದಿದ, ಮೇಲಿಂದ ಶುರು ಮಾಡಿದ.

ತೊಳಸಮ್ಮನಿಗೆ ನಿದ್ದೇಲಿ ವಾಸನೆ ಬಂತು. ಇಷ್ಟೊಂದು ಯಾಕೆ ವಾಸನೆ ಅಂತ ಎದ್ದಳು. ಎದ್ದಳು, ಬಿದ್ದಳು, ತೆವಳಿಕೊಂಡು ಬಂದಳು. ಬರೋ ಹೊತ್ತಿಗೆ ಪೇಟ ಹೋಗಿತ್ತು, ಹಣೆ ಹೋಗಿತ್ತು, ಹುಬ್ಬು ಹೋಗಿತ್ತು. ಮೂಗಿನ ಮೇಲೆ ಚಿಂದಿ ಇತ್ತು. ಕೆಂಪರಾಜ ನಗ್ತಾ ತಿರುಗಿ, ಇನ್ನೊಂದು ಚೂರಿದೆ ಅವ್ವ, ಬಿಳಿ ಮಾಡ್ಬುಡ್ತೀನಿ ಅಂದ.

ಅವಳು ಬೈಯಲಿಲ್ಲ. ಬೈಯೋಕೆ ಉಸಿರು ಬೇಕಲ್ಲ. ಅವನ ಕೈಯಿಂದ ಚಿಂದಿ ಕಿತ್ತುಕೊಂಡು ಗಂಡನ ಅರ್ಧ ಮುಖ ನೋಡ್ತಾ ಕೂತಳು. ಎರಡನೇ ಸಲ ಸತ್ತ ಅಂತ ಅನ್ನಿಸ್ತು ಅವಳಿಗೆ. ಆಮೇಲೆ ಹೇಳಿದ್ದು ಇಷ್ಟು.

"ಹಸಿ ಚಿತ್ರ ಕಣೋ ಇದು. ಒಣಗೋ ತನಕ ಯಾರೂ ಮುಟ್ಟಂಗಿಲ್ಲ. ಯಾರೇ ಬಂದ್ರೂ ಬಿಡಂಗಿಲ್ಲ. ಕೇಳಿಸ್ತಾ?"

ಕೇಳಿಸ್ತು. ಮಾರನೇ ದಿನ ಬೆಳಿಗ್ಗೆ ತೊಳಸಮ್ಮ ಮನಸ್ಸು ಗಟ್ಟಿ ಮಾಡಿಕೊಂಡು, ಅಳಿಸಿ ಹೋದದ್ದನ್ನ ಮತ್ತೆ ಬರೆಯೋಣ ಅಂತ ಕುಂಚ ತಗೊಂಡು ಬಂದ್ರೆ, ಕೆಂಪರಾಜ ಒನಕೆ ಹಿಡ್ಕೊಂಡು ಚಿತ್ರದ ಮುಂದೆ ನಿಂತಿದ್ದಾನೆ. ಸರಿ ಅತ್ತ ಅಂದ್ಲು. ಒಣಗಿಲ್ಲ ಅಂದ. ನಾನೇ ಕಣೋ ಅಂದ್ಲು. ಯಾರೇ ಬಂದ್ರೂ ಅಂದ. ಎಡಗಡೆಯಿಂದ ಹೋದ್ಲು, ಒನಕೆ ಅಡ್ಡ ಬಂತು. ಬಲಗಡೆಯಿಂದ ಹೋದ್ಲು, ಒನಕೆ ಅಡ್ಡ ಬಂತು. ರೊಟ್ಟಿ ತೋರಿಸಿದ್ಲು, ಬಾಯಲ್ಲಿ ನೀರು ಸುರೀತು, ಜಾಗ ಬಿಡಲಿಲ್ಲ. ಸಾಹೇಬರ ಅಂಗಡಿಗೆ ಹೋಗಿ ಬಾ ಅಂದ್ರೆ, ಕಾವಲು ಯಾರು ಕಾಯ್ತಾರೆ ಅಂದ. ನಾಳೆ ಅಮಾವಾಸ್ಯೆ. ಬೆಳಗಿನ ಬೆಳಕೆಲ್ಲ ಹೀಗೇ ಹೋಯ್ತು. ಎಣ್ಣೆಬಣ್ಣ ಒಣಗೋಕೆ ವಾರಗಟ್ಟಲೆ ಬೇಕು, ಅಷ್ಟೂ ದಿನ ಇವನು ನಿಲ್ಲೋನೇ, ಅದರಲ್ಲಿ ಅನುಮಾನ ಬೇಡ.

ತೊಳಸಮ್ಮ ಸೋತು ನೆಲಕ್ಕೆ ಕೂತಳು. ಆಗ ಬಾಯಿಗೆ ಒಂದು ಮಾತು ಬಂತು. ಬರಬಾರದಾಗಿತ್ತು, ಬಂತು.

"ಆ ಮನುಷ್ಯನಿಗೆ ನೀನು ಮಗನಾಗಿ ಹುಟ್ಟದೇ ಇದ್ದಿದ್ರೇ ಚೆನ್ನಾಗಿತ್ತು ಕಣೋ. ಹೋಗು. ಹಳೇ ಮಾತೆಲ್ಲ ಮುಗೀತು. ಮೂಲೇಲಿ ಕೂತ್ಕೋ."

ಹಳೇ ಮಾತು ಮುಗಿದ ಮೇಲೆ ಅವನಿಗೇನು ತಕರಾರಿಲ್ಲ. ಒನಕೆ ಕೆಳಗಿಟ್ಟ, ಹೋಗಿ ಮೂಲೇಲಿ ಕೂತ. ಮೊದಲನೇ ಮಾತು ಮಾತ್ರ ಅವನೊಳಗೆ ಎಲ್ಲೋ ಇಳೀತು. ಏನು ಮಾಡು ಅಂತ ಆ ಮಾತಲ್ಲಿ ಹೇಳಿರಲಿಲ್ಲ, ಅದಕ್ಕೇ ಅದನ್ನ ಏನು ಮಾಡಬೇಕು ಅಂತ ಅವನಿಗೆ ತಿಳೀಲಿಲ್ಲ. ಸುಮ್ಮನೆ ಕೂತು ಅಳೋಕೆ ಶುರು ಮಾಡಿದ. ಅಳಬೇಡ ಅಂತ ಯಾರೂ ಹೇಳಲಿಲ್ಲ, ಅವನು ನಿಲ್ಲಿಸಲಿಲ್ಲ. ತೊಳಸಮ್ಮ ನೋಡಿದ್ಲು, ನೋಡಿ ಕುಂಚ ಎತ್ತಿಕೊಂಡ್ಲು. ಅವಳಿಗೆ ಬೆಳಕು ಹೋಗ್ತಾ ಇತ್ತು.

ಬರೆದಳು. ಹಣೆ ಮತ್ತೆ ಬಂತು, ಹುಬ್ಬು ಬಂತು, ಪೇಟ ಬಂತು. ಕಣ್ಣಿನ ಗೂಡು ಮಾತ್ರ ಖಾಲಿ.

ಯಾಕೆ ಖಾಲಿ ಅಂತ ಹೇಳ್ತೀನಿ. ಆ ಮನೆತನದಲ್ಲಿ ಒಂದು ಪದ್ಧತಿ. ದೇವರಾಗಲಿ, ಯಾರೇ ಆಗಲಿ, ಚಿತ್ರಕ್ಕೆ ಕಣ್ಣಿಡೋದು ಎಲ್ಲಕ್ಕಿಂತ ಕೊನೆಗೆ. ಸತ್ತ ತಂದೆಯ ಚಿತ್ರವಾದ್ರೆ ಕಣ್ಣಿಡೋದು ಮಗನೇ. ಕೊಳ್ಳಿ ಇಟ್ಟ ಕೈಯೇ ಕಣ್ಣೂ ಇಡಬೇಕು ಅಂತ. ಇಡೋವಾಗಲೂ ಚಿತ್ರವನ್ನ ನೇರ ನೋಡೋ ಹಾಗಿಲ್ಲ. ಹೊಸ ಕಣ್ಣಿನ ಮೊದಲ ನೋಟಕ್ಕೆ ಯಾರೂ ಎದುರು ಸಿಗಬಾರದು. ಅದಕ್ಕೆ ಚಿತ್ರದ ಎದುರಿಗೆ ಕನ್ನಡಿ ನಿಲ್ಲಿಸಿ, ಇಡೋನು ಪಕ್ಕದಲ್ಲಿ ನಿಂತು, ಕನ್ನಡೀಲೇ ನೋಡಿಕೊಂಡು ಎರಡು ಕಪ್ಪು ಬೊಟ್ಟು ಇಟ್ಟುಬಿಡಬೇಕು. ಮಿಕ್ಕೋರು ಬೆನ್ನು ತಿರುಗಿಸಿರಬೇಕು.

ಗುಟ್ಟಾಗಿ ತಾನೇ ಇಟ್ಟುಬಿಡೋಣ ಅಂತ ತೊಳಸಮ್ಮನಿಗೂ ಅನ್ನಿಸಿತ್ತು. ಕುಂಚ ಎತ್ತಿ ನಿಂತೂ ನಿಂತಿದ್ಲು. ಆದ್ರೆ ಎಂಥಾ ಕಣ್ಣು ಇಡೋದು? ಅವ್ವನ ಊರಿನ ಹೆಸರು ಎತ್ತಿದ್ರೆ ವರದರಾಜ ಎದ್ದು ಹೊಳೆ ಕಡೆ ಹೋಗಿಬಿಡ್ತಿದ್ದ. ಸಿಟ್ಟಿತ್ತೋ, ಸಂಕಟವಿತ್ತೋ, ಇಷ್ಟು ವರ್ಷ ಸಂಸಾರ ಮಾಡಿದ ಅವಳಿಗೇ ಗೊತ್ತಿರಲಿಲ್ಲ. ನಗೋ ಕಣ್ಣಿಟ್ಟರೆ ಸುಳ್ಳಾಗಬಹುದು. ಸಿಟ್ಟಿನ ಕಣ್ಣಿಟ್ಟರೆ ಮುದುಕಿ ಅಲ್ಲೇ ಪ್ರಾಣ ಬಿಡಬಹುದು. ಕುಂಚ ಕೆಳಗಿಟ್ಟಳು.

ಅಮಾವಾಸ್ಯೆ ದಿನ ಬೆಳಿಗ್ಗೆ ಗಾಡಿ ಬಂತು. ದೇವೀರಮ್ಮ ಇಳಿದ್ಲು. ಬೆಂಕಿಯಂಥ ಹೆಂಗಸು ಅಂದೆನಲ್ಲ, ಈಗ ಬರೀ ಬೂದಿ. ಗೋಡೆ ಹಿಡ್ಕೊಂಡು ಒಳಗೆ ಬಂದು, ಮುಸುಕು ಹಾಕಿದ್ದ ಚಿತ್ರದ ಹತ್ತಿರ ಕೂತಳು. ಸೊಸೇನ ಹೇಗಿದೀಯ ಅಂತ ಕೇಳಲಿಲ್ಲ, ಎಡೆಗೆ ಏನು ಮಾಡಿದೀಯ ಅಂತ ಕೇಳಲಿಲ್ಲ.

"ಕಣ್ಣಿಟ್ಟಾಯ್ತಾ?"

"ಇಲ್ಲ ಅತ್ತೆ. ನೀವು ಬರ್ಲಿ ಅಂತ ಇದ್ದೆ."

"ಇಡ್ಸು ಹಂಗಾರೆ. ನಂಗೆ ಬೆಳಗ್ಗೆ ಹೊತ್ತು ಒಂಚೂರು ಕಾಣ್ತದೆ. ಮಧ್ಯಾಹ್ನದ ಮೇಲೆ ಅದೂ ಇಲ್ಲ."

ತೊಳಸಮ್ಮ ಮೂಲೆ ಕಡೆ ನೋಡಿದ್ಲು. ಕೆಂಪರಾಜ ನಿನ್ನೆ ಕೂತ ಜಾಗದಲ್ಲೇ ಕೂತಿದ್ದ. ಕಣ್ಣು ಊದಿ ಕೆಂಪಾಗಿತ್ತು, ಇನ್ನೂ ಸುರೀತಾನೇ ಇತ್ತು. ಟ್ಯೂಬು ಹಿಂಡಿದ ಕೈ, ಕ್ಯಾನ್ವಾಸು ಮುಳುಗಿಸಿದ ಕೈ, ಕುಂಚಕ್ಕೆ ಮೊಳೆ ಹೊಡೆದ ಕೈ, ಅಪ್ಪನ ಮುಖ ಒರೆಸಿದ ಕೈ. ಆ ಕೈಗೇ ಕುಂಚ ಕೊಡಬೇಕು. ಈ ಸಲ ಹಾಳಾದ್ರೆ ಮತ್ತೆ ಬರೆಯೋಕೆ ದಿನವೂ ಇಲ್ಲ, ನೋಡೋಕೆ ಮುದುಕಿಯ ಕಣ್ಣೂ ಇಲ್ಲ. ಹೇಳೋ ಮಾತನ್ನ ಮನಸ್ಸಲ್ಲೇ ತೂಗಿದ್ಲು. ಎಲ್ಲೂ ಸಂದಿ ಇರಬಾರದು, ಒಂದು ಕೂದಲೆಳೆ ಆಚೀಚೆ ಹೋಗಬಾರದು. ಚಿತ್ರದ ಎದುರಿಗೆ ಕನ್ನಡಿ ನಿಲ್ಲಿಸಿದ್ಲು, ಕಪ್ಪು ಬಣ್ಣ ಕಲಸಿಟ್ಟಳು, ಮಿಕ್ಕ ಬಣ್ಣಗಳಿದ್ದ ಹಲಗೆಯೂ ಅಲ್ಲೇ ಇತ್ತು. ಕುಂಚ ಕೊಟ್ಟು ಅವನ ಗಲ್ಲ ಹಿಡಿದು ಕನ್ನಡಿ ಕಡೆ ತಿರುಗಿಸಿದ್ಲು.

"ಅಪ್ಪಂಗೆ ಕಣ್ಣಿಡ್ಬೇಕು ಮಗ. ಅತ್ತ ಇತ್ತ ನೋಡ್ಬೇಡ. ಕನ್ನಡಿ ನೋಡು. ಕನ್ನಡೀಲಿ ಹೆಂಗೆ ಕಾಣ್ತದೋ ಹಂಗೇ ಇಡು. ಜಾಸ್ತಿ ಬೇಡ, ಕಮ್ಮಿ ಬೇಡ."

ಮುಸುಕು ತೆಗೆದು, ಅತ್ತೆ ಸೊಸೆ ಇಬ್ಬರೂ ಬೆನ್ನು ತಿರುಗಿಸಿ ಕೂತರು.

ಕೆಂಪರಾಜ ಕನ್ನಡಿ ನೋಡಿದ. ಕನ್ನಡೀಲಿ ಎರಡು ಮುಖ. ಒಂದಕ್ಕೆ ಕಣ್ಣಿಲ್ಲ, ಇನ್ನೊಂದಕ್ಕೆ ಇದೆ. ಕಾಣೋ ಹಾಗೆ ಇಡು ಅಂದಿದಾಳೆ ಅವ್ವ. ಇಲ್ಲದ ಕಣ್ಣನ್ನ ನೋಡಿ ಇಡೋಕಾಗುತ್ತಾ? ಇರೋದನ್ನೇ ನೋಡಬೇಕು. ನೋಡಿದ. ಜಾಸ್ತಿ ಬೇಡ, ಕಮ್ಮಿ ಬೇಡ. ಶುರು ಮಾಡಿದ.

ತೊಳಸಮ್ಮ ಕಿವಿ ಹಿಂದಕ್ಕೆ ಕೊಟ್ಟು ಕೂತಿದ್ದಾಳೆ. ಒಂದು ಸಲ ಕುಂಚ ತಾಗಿದ ಸದ್ದು. ಇನ್ನೊಂದು ಸಲ. ಆಯ್ತು, ಎರಡು ಬೊಟ್ಟು ಮುಗೀತು ಅಂತ ಉಸಿರು ಬಿಟ್ಟಳು. ಬಿಡೋದ್ರೊಳಗೆ ಮತ್ತೆ ಸದ್ದು. ಮತ್ತೆ. ಕುಂಚ ಹೋಗ್ತಾ ಇದೆ, ಬರ್ತಾ ಇದೆ. ಎರಡು ಬೊಟ್ಟಿಗೆ ಇಷ್ಟು ಹೊತ್ತೇ? ಸಾಕು ಅನ್ನೋಣ ಅಂದ್ರೆ ಅರ್ಧಕ್ಕೇ ನಿಲ್ಲಿಸಿಬಿಡ್ತಾನೆ. 'ಒಂದೇ ಕಣ್ಣಿಟ್ಟಿದ್ರೆ?' ತಿರುಗಿ ನೋಡೋಣ ಅಂದ್ರೆ ಪದ್ಧತಿ ಇಲ್ಲ. ಸೆರಗಿನ ತುದಿಯನ್ನ ಬೆರಳಿಗೆ ಸುತ್ತಿ ಸುತ್ತಿ ಬೆರಳು ನೀಲಿಯಾಯ್ತು. ದೇವೀರಮ್ಮ ಮಾತ್ರ ಅಲ್ಲಾಡಲಿಲ್ಲ.

ಆಯ್ತು ಅವ್ವ ಅಂದ ಕೆಂಪರಾಜ.

ಇಬ್ಬರೂ ತಿರುಗಿದ್ರು. ಕಣ್ಣೇನೋ ಇಟ್ಟಿದ್ದ. ರೆಪ್ಪೆ ಊದಿದ ಕಣ್ಣು, ಅಂಚು ಕೆಂಪಾದ ಕಣ್ಣು. ಅಷ್ಟಕ್ಕೇ ಬಿಡಲಿಲ್ಲ. ಆ ಕಣ್ಣಿಂದ ನೀರು ಎರಡು ಕೆನ್ನೆ ಮೇಲೂ ಇಳಿದು ಮೀಸೆ ತನಕ ಬಂದಿತ್ತು. ಬಿಳಿ ಬಣ್ಣದ ಹೊಳಪಿನ ಸಮೇತ, ಒಂದೊಂದು ಹನಿಯನ್ನೂ ಬಿಡದೆ ಇಟ್ಟಿದ್ದ. ಪೇಟ ಸುತ್ತಿಕೊಂಡು, ಮೀಸೆ ತಿರುವಿಕೊಂಡು, ಬಿಕ್ಕಿ ಬಿಕ್ಕಿ ಅಳೋ ಯಜಮಾನನ ಚಿತ್ರವನ್ನ ಎಲ್ಲಾದ್ರೂ ನೋಡಿದೀರಾ? ಈ ಪೆದ್ದ ಮಾಡಿಟ್ಟಿದ್ದ. ಹಾಳಾಯ್ತು, ಎಲ್ಲ ಹಾಳಾಯ್ತು ಅಂತ ತೊಳಸಮ್ಮ ಮುಸುಕು ಎಳೆಯೋಕೆ ಕೈ ಚಾಚಿದ್ಲು.

ದೇವೀರಮ್ಮ ಆ ಕೈಯನ್ನ ಪಕ್ಕಕ್ಕೆ ಸರಿಸಿದ್ಲು. ಮೊಣಕಾಲ ಮೇಲೆ ಮುಂದಕ್ಕೆ ಜರುಗಿ ಜರುಗಿ, ಕಾಣೋ ಒಂದು ಕಣ್ಣನ್ನ ಚಿತ್ರಕ್ಕೆ ತಾಗೋ ಹಾಗೆ ತಂದು ನೋಡಿದ್ಲು. ತುಟಿ ನೋಡಿದ್ಲು, ಮೀಸೆ ನೋಡಿದ್ಲು, ಕೆನ್ನೆ ನೋಡಿದ್ಲು. ಮೇಲಕ್ಕೆ ಕಣ್ಣಿನ ತನಕ ಹೋದ್ಲು. ಅಲ್ಲೇ ನಿಂತ್ಲು.

"ಸಿಟ್ಟಿಲ್ಲ ಕಣೆ ತೊಳಸಿ," ಅಂದ್ಲು. "ಅಳ್ತಾವ್ನೆ."

ಆಮೇಲೆ ಅವಳೂ ಅತ್ತಳು. ಬಾಗಿಲು ಹಾಕಿದ ದಿನದಿಂದ ಅಳದೆ ಇಟ್ಟುಕೊಂಡಿದ್ದನ್ನೆಲ್ಲ ಅತ್ತಳು. ಅಳಬೇಡ ಕಂದ, ಬಂದಿದೀನಿ ಕಂದ ಅಂತ ಸೆರಗು ಎಳೆದು ಮಗನ ಕೆನ್ನೆ ಒರೆಸಿದ್ಲು. ಹಸಿ ಎಣ್ಣೆಬಣ್ಣ ಅಲ್ಲವೇ, ಒರೆಸಿದ್ರೆ ಹೋಗುತ್ತೆ. ಸೆರಗಿಗೆ ಬಂತು. ಕೆನ್ನೆ ಮೇಲಿನ ನೀರು ಹೋಯ್ತು.

ಕೆಂಪರಾಜನಿಗೆ ಗಾಬರಿಯಾಯ್ತು. ಕನ್ನಡಿ ನೋಡಿದ. ಕನ್ನಡೀಲಿ ಎರಡು ಮುಖ, ಒಂದರಲ್ಲಿ ನೀರಿಲ್ಲ, ಇನ್ನೊಂದರಲ್ಲಿ ಧಾರಾಕಾರ. ಕಮ್ಮಿ ಬೇಡ ಅಂದಿದಾಳೆ ಅವ್ವ. ಅಜ್ಜಿ ಕೈಯ ಪಕ್ಕದಲ್ಲೇ ಕುಂಚ ತೂರಿಸಿ ಮತ್ತೆ ಎರಡು ಧಾರೆ ಎಳೆದ.

ಅಜ್ಜಿ ಒರೆಸಿದ್ಲು.

"ಇನ್ನೂ ಐತೆ ಅಜ್ಜಿ," ಅಂದ, ಕನ್ನಡಿ ನೋಡಿಕೊಂಡು. ಮತ್ತೆ ಬರೆದ.

ಸಾಕು ಅಂತ ಹೇಳಬೇಕಾಗಿದ್ದೋಳು ತೊಳಸಮ್ಮ. ಹೇಳಿದ್ರೆ ನಿಲ್ಲಿಸ್ತಿದ್ದ, ಅಷ್ಟು ಮಾತು ಕೇಳೋ ಮಗ. ಅವಳು ಬಾಯಿ ತೆರೆದ್ಲು, ಮುಚ್ಚಿದ್ಲು. ಮುದುಕಿ ಒರೆಸ್ತಾನೇ ಇದ್ಲು, ಪೆದ್ದ ಬರೀತಾನೇ ಇದ್ದ, ಎಡೆ ತಣ್ಣಗಾಗ್ತಾ ಇತ್ತು.